ರೀಲಣ್ಣನ ಎಡಗಾಲು

ಅವನಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು, ಆದರೆ ಆ ಹೆಸರಿನಲ್ಲಿ ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರಿಗೂ ಅವನು ರೀಲಣ್ಣ. ಎರಡು ಚಿತ್ರಮಂದಿರಗಳಿಗೆ ಸೇರಿ ಚಿತ್ರದ ಒಂದೇ ಪ್ರತಿ ಬರುತ್ತಿದ್ದ ಕಾಲದಲ್ಲಿ, ಒಂದು ಕಡೆ ಓಡಿ ಮುಗಿದ ರೀಲನ್ನು ತಗಡಿನ ಡಬ್ಬಿಗೆ ಹಾಕಿಕೊಂಡು ಇನ್ನೊಂದು ಕಡೆಗೆ ಮೋಟರ್‌ಸೈಕಲ್ಲಿನಲ್ಲಿ ಮುಟ್ಟಿಸುವುದು ಅವನ ಕೆಲಸವಾಗಿತ್ತು. ಇಲ್ಲಿ ನಾಯಕ ಜೈಲಿಗೆ ಹೋಗುವ ಹೊತ್ತಿಗೆ ಅಲ್ಲಿ ಅವನಿನ್ನೂ ನಾಯಕಿಯ ಹಿಂದೆ ಬಿದ್ದಿರುತ್ತಿದ್ದ. ಡಬ್ಬಿ ತಲುಪುವುದು ಚೂರು ತಡವಾದರೂ ಪರದೆ ಬೆಳ್ಳಗಾಗಿ, ಜನ ಕುರ್ಚಿ ಕುಟ್ಟಿ, ರೀಲಣ್ಣನ ವಂಶವನ್ನೆಲ್ಲ ಜಾಲಾಡುತ್ತಿದ್ದರು. ಹಾಗೆ ಬೈಸಿಕೊಂಡದ್ದು ಬಹಳ ಕಡಿಮೆ. ಗಾಡಿ ಓಡಿಸುವುದರಲ್ಲಿ ಅವನು ಎತ್ತಿದ ಕೈ.

ಆ ಹೆಸರಿಗೆ ಇನ್ನೊಂದು ಕಾರಣವೂ ಇತ್ತು. ರೀಲು ಬಿಡುವುದರಲ್ಲೂ ಅವನನ್ನು ಮೀರಿಸುವವರಿರಲಿಲ್ಲ. ಒಮ್ಮೆ ದಾರಿಯಲ್ಲಿ ಡಬ್ಬಿ ಬಿದ್ದು ಫಿಲ್ಮೆಲ್ಲ ರಸ್ತೆಯುದ್ದಕ್ಕೂ ಬಿಚ್ಚಿಕೊಂಡಿತಂತೆ, ಅದನ್ನು ಸುತ್ತುತ್ತಾ ಸುತ್ತುತ್ತಾ ಹಿಂದಕ್ಕೆ ಹೋದರೆ ಮೊದಲು ಬಿಟ್ಟ ಚಿತ್ರಮಂದಿರದ ಬಾಗಿಲಿಗೇ ಬಂದು ನಿಂತನಂತೆ. ಇಂಥವನ್ನು ಅವನು ಮುಖದ ಒಂದು ಗೆರೆಯೂ ಅಲುಗದ ಹಾಗೆ ಹೇಳುತ್ತಿದ್ದ.

ಅವನ ರೀಲಿನಿಂದ ಹೆಚ್ಚು ಲಾಭ ಆದದ್ದು ಮಗಳಿಗೆ. ಮನೆಯ ಮುಂದಿನ ಕೋಣೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರ ಇತ್ತು. ಮಗಳು ಚಿಕ್ಕವಳಿದ್ದಾಗ ಅದರ ಜೊತೆ ಆಟವಾಡಿ ಸೂಜಿ ಮುರಿದಳು. ತಾಯಿ ಕೈಯೆತ್ತುವಷ್ಟರಲ್ಲಿ ರೀಲಣ್ಣ ನಡುವೆ ಬಂದು, ಗುಬ್ಬಿಯೊಂದು ಒಳಗೆ ಬಂತೆಂದೂ, ಅದನ್ನು ಓಡಿಸಲು ಹೋಗಿ ತಾನೇ ಯಂತ್ರದ ಮೇಲೆ ಬಿದ್ದೆನೆಂದೂ ಒಂದೇ ಉಸಿರಿಗೆ ಹೇಳಿದ. ಗುಬ್ಬಿಯೂ ಸುಳ್ಳು, ಬಿದ್ದದ್ದೂ ಸುಳ್ಳು ಎಂದು ಮೂವರಿಗೂ ಗೊತ್ತಿತ್ತು. ಆಮೇಲೆ ಮಗಳು ಏನು ಒಡೆದರೂ, ಏನು ಕಳೆದರೂ, ಅಪ್ಪನೇ ತಪ್ಪು ಮಾಡಿದ ಒಂದು ಕಥೆ ಸಿದ್ಧವಾಗಿರುತ್ತಿತ್ತು.

ಇನ್ನು ಅವನ ಹಳೆಯ ಮೋಟರ್‌ಸೈಕಲ್ಲಿನ ವಿಷಯ ಹೇಳಬೇಕು. ಈಗಿನವರಿಗೆ ಇದು ತಮಾಷೆ ಅನ್ನಿಸಬಹುದು. ಆ ಕಾಲದ ಆ ಗಾಡಿಯಲ್ಲಿ ಗೇರು ಬಲಗಾಲಿಗಿತ್ತು, ಬ್ರೇಕು ಎಡಗಾಲಿಗಿತ್ತು. ಈಗಿನ ಗಾಡಿಗಳಲ್ಲಿ ಎಲ್ಲ ತಿರುವುಮುರುವು, ಬ್ರೇಕು ಬಲಕ್ಕೆ, ಗೇರು ಎಡಕ್ಕೆ. ಮುಂದಿನ ಚಕ್ರದ ಕೈಬ್ರೇಕು ಆ ಹಳೆಯ ಗಾಡಿಯಲ್ಲಿ ಹೆಸರಿಗೆ ಮಾತ್ರ ಇತ್ತು. ಎಷ್ಟು ಹಿಂಡಿದರೂ ಅಷ್ಟೇ. ಹಾಗಾಗಿ ನಾಯಿ ಅಡ್ಡ ಬರಲಿ, ಮಗು ಅಡ್ಡ ಬರಲಿ, ರೀಲಣ್ಣನ ಎಡಗಾಲು ತನ್ನಷ್ಟಕ್ಕೆ ತಾನೇ ಇಳಿಯುತ್ತಿತ್ತು. ಅವನ ಪ್ರಾಯವೆಲ್ಲ ಆ ಎಡಗಾಲಿನ ಮೇಲೆಯೇ ನಡೆದುಹೋಯಿತು.

ಆಮೇಲೆ ರೀಲುಗಳೇ ಹೋದವು. ಚಿತ್ರ ತಂತಿಯಲ್ಲೋ ಗಾಳಿಯಲ್ಲೋ ಬರತೊಡಗಿತು. ಒಂದು ಚಿತ್ರಮಂದಿರ ಗೋದಾಮಾಯಿತು, ಇನ್ನೊಂದನ್ನು ಕೆಡವಿ ಅಂಗಡಿಗಳ ದೊಡ್ಡ ಕಟ್ಟಡ ಎಬ್ಬಿಸಿದರು. ಹಳೆಯ ಗಾಡಿಯ ಎಂಜಿನ್ನು ಕೈಕೊಟ್ಟಿತು, ಬಿಡಿಭಾಗ ಸಿಗದೆ ಗುಜರಿಗೆ ಹೋಯಿತು. ರೀಲಣ್ಣ ಆ ದೊಡ್ಡ ಕಟ್ಟಡದ ನೆಲಮಾಳಿಗೆಯಲ್ಲಿ ಗಾಡಿ ನಿಲ್ಲಿಸುವವರಿಗೆ ಚೀಟಿ ಕೊಡುವ ಕೆಲಸಕ್ಕೆ ಸೇರಿದ. ತಾನು ಓಡಾಡಲು ಗೇರಿಲ್ಲದ ಸ್ಕೂಟರು ಇಟ್ಟುಕೊಂಡ. ಅದರಲ್ಲಿ ಬ್ರೇಕೆಲ್ಲ ಕೈಯಲ್ಲೇ, ಕಾಲಿಗೆ ಕೆಲಸವೇ ಇಲ್ಲ. ಸ್ಕೂಟರಿನ ಮೇಲೆ ಅವನಿಂದ ಒಂದು ದಿನವೂ ಎಡವಟ್ಟಾಗಲಿಲ್ಲ. ಈ ಮಾತು ನೆನಪಿರಲಿ.

ಆ ನೆಲಮಾಳಿಗೆಗೆ ಹೊಸ ಬಗೆಯ ಮೋಟರ್‌ಸೈಕಲ್ಲುಗಳು ಬರತೊಡಗಿದವು. ಹೊಸವು, ಆದರೆ ನೋಡಲು ಥೇಟ್ ಹಳೆಯವು. ಅದೇ ಹೊಟ್ಟೆ ಉಬ್ಬಿದ ಟ್ಯಾಂಕು, ಅದೇ ದುಂಡು ದೀಪ, ಅದೇ ಗುಡು ಗುಡು ಸದ್ದು. ರೀಲಣ್ಣ ಅವುಗಳ ಸುತ್ತ ಒಂದು ಸುತ್ತು ಬಂದು ಮೂಗು ಮುರಿಯುತ್ತಿದ್ದ.

“ಇದು ಗಾಡಿಯಲ್ಲ ಕಣ್ರೋ, ವೇಷ. ಹುಡುಗ ಮುದುಕನ ಮೀಸೆ ಅಂಟಿಸ್ಕೊಂಡು ಬಂದಿದಾನೆ. ಸದ್ದನ್ನೂ ಡಬ್ಬಿಗೆ ತುಂಬಿ ಮಾರ್ತಾರೆ, ನೀವು ದುಡ್ಡು ಕೊಟ್ಟು ಕಿವಿಗೆ ಹೂವ ಇಡಿಸ್ಕೊಂಡು ಬರ್ತೀರ.”

ಗಾಡಿ ನಿಲ್ಲಿಸಲು ಬಂದವರು ನಗುತ್ತಿದ್ದರು. ವೇಷದ ಗಾಡಿ ಎಂಬ ಮಾತು ಅವನಿಂದಲೇ ಹುಟ್ಟಿ ಬಾಯಿಂದ ಬಾಯಿಗೆ ಹೋಯಿತು. ವಿಚಿತ್ರ ಎಂದರೆ ಅವನ ಮಗಳು ಕೆಲಸ ಮಾಡುತ್ತಿದ್ದದ್ದು ಅದೇ ಗಾಡಿಗಳ ಶೋರೂಮಿನಲ್ಲಿ. ಬಂದವರಿಗೆ ಗಾಡಿ ತೋರಿಸಿ, ಅದರ ಗುಣವೆಲ್ಲ ವಿವರಿಸುವುದು ಅವಳ ಕೆಲಸ. ರೀಲು ಬಿಡುವವನ ಮಗಳಿಗೆ ತಕ್ಕ ಕೆಲಸ ಎಂದು ತಾಯಿ ಚುಚ್ಚುತ್ತಿದ್ದಳು.

“ಅಪ್ಪ, ನೀನು ಮೇಲಿಂದ ಮಾತ್ರ ನೋಡ್ತೀಯ,” ಎನ್ನುತ್ತಿದ್ದಳು ಮಗಳು ಊಟಕ್ಕೆ ಕೂತಾಗ. “ಒಳಗಿಂದು ಬೇರೆ. ಎಣ್ಣೆ ಸೋರಲ್ಲ. ಗುಂಡಿ ಒತ್ತಿದ್ರೆ ಸ್ಟಾರ್ಟ್. ಬ್ರೇಕ್ ಜೋರಾಗಿ ಹಾಕಿದ್ರೂ ಚಕ್ರ ಜಾರದೆ ಇರೋ ಹಾಗೆ ಎಬಿಎಸ್ ಇದೆ. ನಿನ್ನ ಹಳೇ ಗಾಡಿ ನಿಲ್ಲೋಕೆ ತಗೊಳ್ಳೋ ದೂರದ ಅರ್ಧಕ್ಕೇ ಇದು ನಿಲ್ಲತ್ತೆ.”

“ಅಷ್ಟು ಒಳ್ಳೇದಿದ್ರೆ ಹೊಸ ಮುಖ ಇಟ್ಕೊಂಡು ಬರ್ಲಿ. ಹಳೇ ಮುಖ ಯಾಕೆ ಬೇಕು?”

“ನಿನ್ನಂಥೋರು ಕೊಳ್ಳಲಿ ಅಂತ,” ಎಂದು ಹೆಂಡತಿ ಅನ್ನ ಬಡಿಸಿದಳು.

ಕೊನೆಗೆ ಮಗಳು ಶೋರೂಮಿನವರು ನೌಕರರಿಗೆ ಕೊಡುವ ರಿಯಾಯಿತಿಯಲ್ಲಿ ಒಂದು ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸಿಯೇಬಿಟ್ಟಳು. ಹಳೆಯ ಗಾಡಿಯದ್ದೇ ಬಣ್ಣ, ಟ್ಯಾಂಕಿನ ಮೇಲೆ ಅದೇ ಗೆರೆ. ರೀಲಣ್ಣ ಬೈಯುತ್ತಲೇ ಹತ್ತಿ ಕೂತ. ಓಡಿಸಿಕೊಂಡು ಒಂದು ಸುತ್ತು ಹೋಗಿಬಂದವನ ಮುಖ ನೋಡಿ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಮದುವೆಯಾದ ಹೊಸತರ ಮುಖ ಅದು.

ಅವನು ಸೋತ, ಸೋತದ್ದನ್ನು ಬಾಯಿಬಿಟ್ಟು ಹೇಳಲಿಲ್ಲ. ಗಾಡಿ ಒಳ್ಳೆಯದಾಗಿತ್ತು, ಅದನ್ನು ಒಪ್ಪಿಕೊಳ್ಳಲೇಬೇಕು. ಒಂದು ಹನಿ ಎಣ್ಣೆ ನೆಲಕ್ಕೆ ಬೀಳಲಿಲ್ಲ. ಮಗಳು ಹೇಳಿದ ಒಂದು ಗುಣವೂ ಸುಳ್ಳಾಗಲಿಲ್ಲ. ಆದರೂ ನೆಲಮಾಳಿಗೆಯಲ್ಲಿ ಯಾರಾದರೂ ಕೇಳಿದರೆ, “ಮಗಳು ಕೊಡಿಸಿದ ವೇಷ, ಹಾಕ್ಕೊಂಡು ಕುಣೀತಿದೀನಿ,” ಎನ್ನುತ್ತಿದ್ದ. ಬಾಯಿಚಪಲ.

ತೊಡಕು ಒಂದೇ ಇತ್ತು. ಟ್ಯಾಂಕನ್ನು ಮೊಣಕಾಲಿನಲ್ಲಿ ಅವುಚಿ ಹಿಡಿದ ಕೂಡಲೇ ಕಾಲುಗಳಿಗೆ ಹಳೆಯ ಗಾಡಿಯೇ ನೆನಪಾಗುತ್ತಿತ್ತು. ನಿಲ್ಲಿಸಬೇಕಾದಾಗ ಎಡಗಾಲು ಇಳಿದು, ಗೇರು ಕೆಳಗೆ ಬಿದ್ದು, ಗಾಡಿ ಗಕ್ಕನೆ ಜಗ್ಗುತ್ತಿತ್ತು. ಹಿಂದೆ ಕೂತ ಹೆಂಡತಿಗೆ ಅದು ಮೊದಲು ಗೊತ್ತಾಗುತ್ತಿತ್ತು. ಅವಳು ಅವನ ಬಲ ಮೊಣಕಾಲನ್ನು ತಟ್ಟಿ, “ಬಲ, ಬಲ,” ಎನ್ನುತ್ತಿದ್ದಳು. ದಿನ ಕಳೆದಂತೆ ಅವನಿಗೆ ರೂಢಿಯಾಯಿತು. ಅವಳು ತಟ್ಟುವುದನ್ನು ಬಿಟ್ಟಳು. ಮಗಳಿಗೆ ಇದನ್ನು ಇಬ್ಬರೂ ಹೇಳಿರಲಿಲ್ಲ. ದೊಡ್ಡ ಸವಾರ ಎಂದು ಮೆರೆದವನು ಮುದುಕಿಯ ಕೈಯಲ್ಲಿ ಪಾಠ ಹೇಳಿಸಿಕೊಳ್ಳುತ್ತಿದ್ದ ಎಂದು ಮಗಳಿಗೆ ಗೊತ್ತಾಗುವುದು ಅವನಿಗೆ ಬೇಡವಾಗಿತ್ತು, ಹೆಂಡತಿಯೂ ಅವನ ಮಾನ ಕಾಯ್ದಳು.

ಹೊಲಿಗೆಗೆ ಗುಂಡಿ, ದಾರದುಂಡೆ ತರಲು ಇಬ್ಬರೂ ಹೊರಟಿದ್ದ ಬೆಳಿಗ್ಗೆ, ಓಣಿಯೊಂದರಿಂದ ನೀರಿನ ಟ್ಯಾಂಕರು ಹಿಂದುಹಿಂದಾಗಿ ರಸ್ತೆಗೆ ಬಂದುಬಿಟ್ಟಿತು. ಸಾಕಷ್ಟು ದೂರವೇ ಇತ್ತು. ಆ ಗಾಡಿಯ ಬ್ರೇಕಿಗೆ ಆ ದೂರ ಧಾರಾಳವಾಗಿ ಸಾಕಿತ್ತು. ರೀಲಣ್ಣ ಶಕ್ತಿಯೆಲ್ಲ ಹಾಕಿ ತುಳಿದ. ಎಡಗಾಲಲ್ಲಿ ತುಳಿದ. ಗಾಡಿ ಜಗ್ಗಿತು, ನಿಲ್ಲಲಿಲ್ಲ. ಹಳೆಯ ಗಾಡಿಯ ಮೇಲಿದ್ದವನ ಹಾಗೆ, ಕೈಬ್ರೇಕು ಅವನಿಗೆ ಹೊಳೆಯಲೇ ಇಲ್ಲ. ಮತ್ತೆ ತುಳಿದ. ಹಿಂದಿನಿಂದ ಅವಳ ಕೈ ಅವನ ಬಲ ಮೊಣಕಾಲಿಗೆ ಬಂತು, “ಬಲ” ಎಂಬ ಮಾತೂ ಕಿವಿಗೆ ಬಿತ್ತು. ಅದು ತಲೆಗೆ ಹತ್ತುವಷ್ಟರಲ್ಲಿ ಟ್ಯಾಂಕರಿನ ಕಬ್ಬಿಣ ಎದುರಿಗಿತ್ತು.

ಅವನ ಬಲಗೈ ಮುರಿಯಿತು, ಅಷ್ಟೇ. ಅವಳನ್ನು ಆಸ್ಪತ್ರೆಯಲ್ಲಿ ಮಲಗಿಸಿದಾಗ ಉಸಿರಿತ್ತು. ಮಗಳು ಶೋರೂಮಿನ ಸಮವಸ್ತ್ರದಲ್ಲೇ ಓಡಿ ಬಂದಳು. ತಾಯಿ ಕಣ್ಣು ಬಿಡದೆ, “ಬಲ... ಬಲ...” ಎನ್ನುತ್ತಿದ್ದಳು. ಬಲವಿಲ್ಲ ಎನ್ನುತ್ತಿದ್ದಾಳೆ ಎಂದುಕೊಂಡಳು ಮಗಳು. ತಾಯಿಯ ಕೈ ಹಿಡಿದು, “ಬಲ ಬರತ್ತಮ್ಮ, ಔಷಧಿ ಕೊಟ್ಟಿದಾರೆ, ಬಲ ಬರತ್ತೆ,” ಎಂದು ಹೇಳುತ್ತಲೇ ಇದ್ದಳು. ಪಕ್ಕದ ಮಂಚದಲ್ಲಿ ಕೈಗೆ ಪಟ್ಟಿ ಸುತ್ತಿಸಿಕೊಳ್ಳುತ್ತಿದ್ದ ರೀಲಣ್ಣ ಅದನ್ನು ಕೇಳಿಸಿಕೊಂಡ. ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಸಂಜೆಯೊಳಗೆ ಅವಳು ಹೋಗಿಬಿಟ್ಟಳು.

ಮಾತನ್ನೇ ಉಂಡು ಮಾತನ್ನೇ ಉಟ್ಟವನ ಬಾಯಿಗೆ ಅಂದಿನಿಂದ ಬೀಗ ಬಿತ್ತು. ಅವನ ಪಾಲಿನ ಮಾತನ್ನೂ ಸೇರಿಸಿ ಆಡಲು ಭಾವಮೈದುನ ಇದ್ದ. ಸತ್ತವಳ ತಮ್ಮ, ಬಸ್ಸಿನ ಚಾಲಕ, ಅಕ್ಕನೆಂದರೆ ಜೀವ ಬಿಡುತ್ತಿದ್ದವನು. ಸಿಟ್ಟು ತೀರಿಸಿಕೊಳ್ಳಲು ಅವನಿಗೆ ಯಾರಾದರೂ ಬೇಕಿತ್ತು.

“ಭಾವ ಬಡ್ಕೊಂಡಿದ್ರು, ವೇಷದ ಗಾಡಿ ಅಂತ,” ಎಂದ ಅವನು, ಮನೆಗೆ ಬಂದವರೆಲ್ಲರ ಎದುರಿಗೆ. “ಇಷ್ಟು ವರ್ಷ ಒಂದು ಗೀರು ಮಾಡ್ಕೊಳ್ದೆ ಓಡ್ಸಿದ ಮನುಷ್ಯ. ಇವರ ಕೈಲಿ ತಪ್ಪಾಗತ್ತಾ? ಬ್ರೇಕ್ ಹಿಡೀಲಿಲ್ಲ, ಮತ್ತೇನು. ಮೇಲೆ ಬಣ್ಣ, ಒಳಗೆ ಹುಳುಕು.”

ಮಗಳು ಬಾಗಿಲಿಗೆ ಒರಗಿ ನಿಂತು ಕೇಳುತ್ತಿದ್ದಳು. ಗಾಡಿಯನ್ನು ಪರೀಕ್ಷೆ ಮಾಡಿದ ಅಧಿಕಾರಿ ಬ್ರೇಕು ಸರಿಯಾಗಿದೆ ಎಂದು ಹೇಳಿಹೋದ. “ಅವರು ಇನ್ನೇನು ಹೇಳ್ತಾರೆ? ಎಲ್ಲ ಒಂದೇ ಗೂಡಿನ ಹಕ್ಕಿಗಳು,” ಎಂದ ಅವಳ ಸೋದರಮಾವ. ರೀಲಣ್ಣ ತುಟಿ ಪಿಟಕ್ ಅನ್ನಲಿಲ್ಲ. ತಾನು ನಗಿಸಲೆಂದು ಆಡಿದ ಮಾತೇ ಮಗಳ ಕೊರಳಿಗೆ ಸುತ್ತಿಕೊಳ್ಳುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು, ಆದರೂ ಅನ್ನಲಿಲ್ಲ. ಅವನಿಗೆ ಹೆದರಿಕೆ. ಹೆಂಡತಿ ಹೋದಳು, ಉಳಿದವಳು ಇವಳೊಬ್ಬಳು. ಸತ್ಯ ಹೇಳಿದರೆ ಇವಳೂ ಹೋಗುತ್ತಾಳೆ. ನಾಚಿಕೆಗೇಡಿನ ಲೆಕ್ಕಾಚಾರ ಇದು, ಅವನಿಗೂ ಗೊತ್ತಿತ್ತು.

ಮಗಳು ಕೆಲಸಕ್ಕೆ ಹೋಗುವುದನ್ನು ಬಿಟ್ಟಳು. ತಾಯಿಯ ಹೊಲಿಗೆ ಯಂತ್ರದ ಮುಂದೆ ಕೂತು ಚಕ್ರವನ್ನು ಸುಮ್ಮನೆ ತಿರುಗಿಸುತ್ತಿದ್ದಳು. ತಟ್ಟೆಗೆ ಹಾಕಿಕೊಂಡದ್ದು ತಟ್ಟೆಯಲ್ಲೇ ಒಣಗುತ್ತಿತ್ತು. ಮಾತಾಡಿದರೆ ಒಂದೇ ಮಾತು.

“ಅಮ್ಮ ಬೇಡ ಅಂದಿದ್ಲು ಅಪ್ಪ. ಸ್ಕೂಟರೇ ಸಾಕು ಅಂದಿದ್ಲು. ನಾನೇ ಹಟ ಮಾಡಿ ತಂದೆ.”

ಒಂದು ದಿನ ಮಧ್ಯಾಹ್ನ ಅವಳು ಎಷ್ಟು ಕರೆದರೂ ಏಳಲಿಲ್ಲ. ಎಚ್ಚರವಾಗಿಯೇ ಇದ್ದಳು, ಗೋಡೆ ನೋಡುತ್ತಾ ಮಲಗಿದ್ದಳು. ಹೆಗಲ ಮೂಳೆ ಅಂಗಿಯೊಳಗಿಂದ ಎದ್ದು ಕಾಣುತ್ತಿತ್ತು. “ನಾನು ಯಾಕೆ ಇರ್ಬೇಕು ಅಪ್ಪ?” ಎಂದಳು, ಅಳದೆ, ಬೇರೆ ಯಾರದೋ ವಿಷಯ ಕೇಳುವವಳ ಹಾಗೆ. ರೀಲಣ್ಣನಿಗೆ ಆಗ ಹೊಳೆಯಿತು. ಸುಮ್ಮನಿದ್ದರೂ ಇವಳು ಹೋಗುತ್ತಾಳೆ, ಆ ಹೋಗುವುದು ಇನ್ನೂ ದೂರ. ಅವನು ಹಾಸಿಗೆಯ ಅಂಚಿಗೆ ಕೂತ.

“ಬ್ರೇಕ್ ಸರಿಯಾಗೇ ಇತ್ತು ಪುಟ್ಟಿ,” ಎಂದ. “ನಾನು ಹಾಕ್ಲೇ ಇಲ್ಲ. ಎಡಗಾಲಲ್ಲಿ ತುಳಿದೆ, ಗೇರಿನ ಮೇಲೆ. ಹಳೇ ಗಾಡಿ ಅಂದ್ಕೊಂಡೆ.”

ಮಗಳು ತಿರುಗಿ ನೋಡಿದಳು. ಅವಳ ಮುಖದಲ್ಲಿ ಸಿಟ್ಟು ಬರಲಿಲ್ಲ. ಅದಕ್ಕಿಂತ ಕೆಟ್ಟದ್ದು ಬಂತು, ಕನಿಕರ.

“ಸಾಕು ಬಿಡಪ್ಪ. ನಂಗೆ ಸಮಾಧಾನ ಆಗ್ಲಿ ಅಂತ ರೀಲು ಬಿಡ್ಬೇಡ.”

“ರೀಲಲ್ಲ ಮಗಳೇ.”

“ಗುಬ್ಬಿ ಬಂದಿತ್ತಾ ಒಳಗೆ?” ಎಂದು ಅವಳು ಮತ್ತೆ ಗೋಡೆಯ ಕಡೆಗೆ ಹೊರಳಿದಳು.

ಅವನು ದೇವರ ಮೇಲೆ ಆಣೆ ಮಾಡಿದ. ಸತ್ತವಳ ಮೇಲೆ ಆಣೆ ಮಾಡಿದ. ಆಣೆ ಮಾಡಿದಷ್ಟೂ ಅದು ಹಳೆಯ ಕಥೆಗಳ ಹಾಗೆಯೇ ಕೇಳಿಸಿತು. ಜೀವಮಾನವೆಲ್ಲ ಮಗಳ ತಪ್ಪನ್ನು ತನ್ನ ಮೇಲೆ ಎಳೆದುಕೊಂಡವನು ಈಗ ತನ್ನದೇ ತಪ್ಪನ್ನು ತನ್ನದು ಎಂದರೆ ನಂಬುವವರಿಲ್ಲ. ಯಾರನ್ನು ಬೈಯುವುದು?

ಕೊನೆಗೆ ಅವನು ಅವಳ ಕೈ ಹಿಡಿದು ಎಬ್ಬಿಸಿದ. ಮನೆಯ ಹಿಂದಿನ ತಗಡಿನ ಮಾಡಿನ ಕೆಳಗೆ ಗಾಡಿ ಇತ್ತು, ಮಾವ ತಂದು ನಿಲ್ಲಿಸಿದ್ದ. ಮುಂದಿನ ಚಕ್ರ ಸೊಟ್ಟಗಾಗಿತ್ತು, ದುಂಡು ದೀಪ ಒಡೆದಿತ್ತು. ಟ್ಯಾಂಕಿಗೆ ಮಾತ್ರ ಏನೂ ಆಗಿರಲಿಲ್ಲ, ಅದರ ಗೆರೆ ಹೊಸದಾಗಿಯೇ ಇತ್ತು. ಹೊದಿಕೆ ತೆಗೆದಾಗ ಮಗಳು ಮುಖ ತಿರುಗಿಸಿದಳು.

“ಹಿಂದೆ ಕೂತ್ಕೋ,” ಎಂದ.

“ಬೇಡಪ್ಪ.”

“ಕೂತ್ಕೋ. ನಾನು ಒಂದು ಕಥೆ ಹೇಳ್ತೀನಿ. ನಿನಗೆ ಯಾವಾಗ ಬೇಕೋ ಆವಾಗ ನನ್ನ ಬೆನ್ನಿಗೆ ಹೊಡೆದು ಲಾರಿ ಅನ್ನು. ನನ್ನ ಮುಖ ನೋಡ್ಬೇಡ, ಕಾಲು ನೋಡು.”

ಸ್ಟ್ಯಾಂಡಿನ ಮೇಲೆ ನಿಂತ ಆ ಮುರುಕು ಗಾಡಿಯ ಮೇಲೆ ಅಪ್ಪ ಮಗಳು ಹತ್ತಿ ಕೂತರು. ತಾಯಿ ಕೂರುತ್ತಿದ್ದ ಜಾಗದಲ್ಲಿ ಮಗಳು. ಅವನು ಮೊಣಕಾಲಿನಲ್ಲಿ ಟ್ಯಾಂಕನ್ನು ಅವುಚಿದ. ಇವತ್ತು ಹಾಗಾಗಬಾರದು, ಬಲಗಾಲೇ ಇಳಿಯಲಿ ಎಂದು ಮನಸ್ಸಿನ ಮೂಲೆಯಲ್ಲಿ ಬೇಡಿಕೊಂಡ. ಹಾಗಾದರೆ ತಾನು ನಿರಪರಾಧಿ, ನಿಜವಾಗಿಯೂ ಬ್ರೇಕೇ ಕೆಟ್ಟಿತ್ತು ಎಂದು ತಾನೂ ನಂಬಬಹುದಿತ್ತು. ಹಾಗೆ ಬೇಡಿಕೊಳ್ಳುತ್ತಲೇ ಕಥೆ ಶುರು ಮಾಡಿದ. ಮಳೆಯಲ್ಲಿ ರೀಲಿನ ಡಬ್ಬಿ ಹೊತ್ತು ಹೋದ ಕಥೆ, ಮಗಳಿಗೆ ಬಾಯಿಪಾಠ ಆದದ್ದು. ದಾರಿಯ ತಿರುವುಗಳನ್ನು ಒಂದೊಂದಾಗಿ ಹೇಳಿದ. ಹೇಳುತ್ತಾ ಹೇಳುತ್ತಾ ಅವನಿಗೇ ಮೈಮರೆಯಿತು, ಮೈ ತಿರುವಿಗೆ ತಕ್ಕಂತೆ ಬಾಗಿತು.

“ಅಪ್ಪಾ, ಲಾರಿ!”

ಟಕ್.

ಎಡಗಾಲು ಇಳಿದಿತ್ತು. ಗೇರಿನ ಸದ್ದು ತಗಡಿನ ಮಾಡಿಗೆ ತಾಗಿ ಹಿಂದಕ್ಕೆ ಬಂತು. ಬಲಗಾಲು ಬ್ರೇಕಿನ ಮೇಲೆ ಇದ್ದ ಹಾಗೆಯೇ ಇತ್ತು, ಕೆಲಸ ಗೊತ್ತಿಲ್ಲದವರ ಹಾಗೆ.

“ನೀನು ಬೇಕಂತ ಮಾಡಿದೆ,” ಎಂದಳು ಮಗಳು. ದನಿಯಲ್ಲಿ ಗಟ್ಟಿತನ ಇರಲಿಲ್ಲ.

“ಇನ್ನೊಂದ್ಸಲ ನೋಡು. ನಾನು ಬಲಗಾಲು ಹಾಕೋಕೇ ಪ್ರಯತ್ನ ಪಡ್ತೀನಿ. ನನ್ನಾಣೆ.”

ಅವಳು ತಕ್ಷಣ ಕೂಗಲಿಲ್ಲ. ಮತ್ತೆ ಶುರುವಾದ ಕಥೆ ಮುಗಿದು, ಅವನು ನೀರು ಕೇಳಲೆಂದು ತಿರುಗುವಷ್ಟರಲ್ಲಿ ಬೆನ್ನಿಗೆ ರಪ್ಪನೆ ಹೊಡೆದಳು. ಟಕ್. ಮತ್ತೆ ಎಡಗಾಲು. ರೀಲಣ್ಣ ತನ್ನ ಕಾಲನ್ನೇ ನೋಡಿದ, ಅವನ ಕಣ್ಣಲ್ಲಿ ನೀರು ಬಂತು. ಸ್ಕೂಟರಿನ ಮೇಲೆ ಸುಮ್ಮನಿದ್ದ ಕಾಲು ಇದು. ಹೊಸ ಮುಖದ ಯಾವ ಗಾಡಿ ಆಗಿದ್ದರೂ ಇದು ಹೊಸದು ಎಂದು ಅದಕ್ಕೆ ಅರ್ಥವಾಗುತ್ತಿತ್ತೇನೋ. ಆ ಟ್ಯಾಂಕು, ಆ ಸದ್ದು ಮೋಸ ಮಾಡಿದ್ದು ಕೊಳ್ಳುವವರಿಗಲ್ಲ, ಈ ಒಂದು ಕಾಲಿಗೆ. ವೇಷ ಎಂದು ಬಾಯಿ ಎಷ್ಟು ಸಲ ಹೇಳಿದರೂ ಕಾಲು ಅದನ್ನು ಕೇಳಿಸಿಕೊಂಡಿರಲಿಲ್ಲ.

“ಮುಂಚೆನೂ ಹೀಗೆ ಆಗಿತ್ತಾ?” ಎಂದು ಕೇಳಿದಳು ಮಗಳು.

“ಆಗ್ತಿತ್ತು. ನಿಮ್ಮಮ್ಮ ಹಿಂದಿಂದ ಹೇಳ್ಕೊಡ್ತಿದ್ಲು.”

“ಏನಂತ?”

ಅವನು ತನ್ನ ಬಲ ಮೊಣಕಾಲನ್ನು ತಟ್ಟಿ ತೋರಿಸಿದ. “ಮೊಣಕಾಲು ತಟ್ಟಿ, ಬಲ, ಬಲ, ಅಂತ.”

ಹೆಗಲ ಮೇಲಿದ್ದ ಅವಳ ಕೈ ಜಾರಿತು. ಅವನು ತಿರುಗಿ ನೋಡಲಿಲ್ಲ. ಹಿಂದಿನಿಂದ ಅವಳ ಮಾತು ತಡೆತಡೆದು ಬಂತು.

“ನಾನು ಬಲ ಬರತ್ತಮ್ಮ ಅಂತಿದ್ದೆ. ಕೊನೇವರೆಗೂ ಅದನ್ನೇ ಅಂತಿದ್ದೆ. ನೀನು ಪಕ್ಕದಲ್ಲೇ ಇದ್ದೆ.”

“ಇದ್ದೆ.”

“ನಿಂಗೆ ಗೊತ್ತಿತ್ತು.”

“ಗೊತ್ತಿತ್ತು.”

ಮಗಳು ಇಳಿದು ಒಳಗೆ ಹೋದಳು. ಅವತ್ತು ಅವಳು ಬಾಗಿಲು ಹಾಕಿಕೊಂಡು ಅತ್ತದ್ದು ಪಕ್ಕದ ಮನೆಗೂ ಕೇಳಿಸಿತು. ಅತ್ತು ಮುಗಿಸಿ ಅಡುಗೆಮನೆಗೆ ಹೋಗಿ, ತಾನೇ ಬಡಿಸಿಕೊಂಡು, ನಿಂತುಕೊಂಡೇ ತಟ್ಟೆ ಖಾಲಿ ಮಾಡಿದಳು. ರೀಲಣ್ಣನನ್ನು ಊಟಕ್ಕೆ ಕರೆಯಲಿಲ್ಲ.

ಮಾರನೆಯ ವಾರ ಅವಳು ಶೋರೂಮಿಗೆ ಮರಳಿದಳು. ಈಗಲೂ ಅದೇ ಗಾಡಿಗಳನ್ನು ತೋರಿಸುತ್ತಾಳೆ, ಅವುಗಳ ಗುಣವನ್ನು ಮುಚ್ಚುಮರೆ ಇಲ್ಲದೆ ಹೇಳುತ್ತಾಳೆ. ತಲೆ ನರೆತವರು ಯಾರಾದರೂ ಬಂದು ಟ್ಯಾಂಕಿನ ಮೇಲೆ ಕೈಯಾಡಿಸುತ್ತಾ ನಗತೊಡಗಿದರೆ ಮಾತ್ರ, ಬೆಲೆ ಹೇಳುವುದಕ್ಕೂ ಮೊದಲು ಕೇಳುತ್ತಾಳೆ, “ಸರ್, ನಿಮ್ಮ ಹಳೇ ಗಾಡಿಲಿ ಬ್ರೇಕ್ ಯಾವ ಕಾಲಿಗಿತ್ತು?” ಎಡಗಾಲಿಗೆ ಎಂದವರಿಗೆ ಆ ಗಾಡಿ ಮಾರುವುದಿಲ್ಲ. ಹಾಗೆ ತಪ್ಪಿಹೋದ ವ್ಯಾಪಾರಕ್ಕೆ ಬೈಸಿಕೊಳ್ಳುತ್ತಾಳೆ. ಮಾವನಿಗೆ ಅವಳೇ ಎಲ್ಲ ಹೇಳಿದಳು, ಅವನು ಈ ಮನೆಯ ಹೊಸ್ತಿಲು ತುಳಿಯುವುದನ್ನು ಬಿಟ್ಟ.

ಅಪ್ಪ ಮಗಳು ಈಗ ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಾರೆ. ಜಾಗ ಇದ್ದರೆ ಅವಳು ಪಕ್ಕದಲ್ಲೇ ಕೂರುತ್ತಾಳೆ, ಮಾತಾಡುವುದಿಲ್ಲ. ಚಾಲಕ ಗಕ್ಕನೆ ನಿಲ್ಲಿಸಿದಾಗಲೆಲ್ಲ ರೀಲಣ್ಣನ ಎಡಗಾಲು ಬಸ್ಸಿನ ನೆಲವನ್ನು ಒತ್ತುತ್ತದೆ. ಮಗಳು ಅದನ್ನು ನೋಡುತ್ತಾಳೆ, ನೋಡಿ ಕಿಟಕಿಯ ಕಡೆಗೆ ತಿರುಗುತ್ತಾಳೆ.